ಅಪ್‌ಡೇಟ್: ಫಂಡ್‌ಗಳ ಹಳೆಯ ಎನ್‌ಎವಿ ವಾಪಸ್ ಬಂತು

ಅಪ್ಪಯ್ಯ ಅಡಿಕೆ ದುಡ್ಡಲ್ಲಿ ಹಾಕಿದ ಮ್ಯೂಚುವಲ್ ಫಂಡ್‌ಗಳ ಲೆಕ್ಕ ಗ್ನುಕ್ಯಾಶ್ ಎಂಬ ಲೆಕ್ಕ ಬರೆಯುವ ತಂತ್ರಾಂಶದಲ್ಲಿದೆ, ಲ್ಯಾಪ್‌ಟಾಪ್ ಬದಲಾದ ಮೇಲೆ ಅದರ ದರಪಟ್ಟಿ (ಹಳೆಯ ಎನ್‌ಎವಿಗಳು, ಅಂದರೆ ಫಂಡ್‌ನ ಒಂದು ಯೂನಿಟ್‌ನ ಆಯಾ ದಿನದ ಬೆಲೆ) ಪೂರ್ತಿ ಖಾಲಿ ಅಂತ ಶಿರಸಿಯಿಂದ ಕೇಳಿದ್ದೆ. ಈಗ ಸರಿಯಾಯ್ತು. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ದರ ತರಿಸುವ ಬಟನ್ ಒತ್ತಿ ನೋಡಿದೆ. ಬಂದದ್ದು ಇತ್ತೀಚಿನ ದರ ಮಾತ್ರ. ತಾರೀಖು ಹೊತ್ತ ಬ್ಯಾಕಪ್ ಫೈಲ್‌ಗಳಲ್ಲೂ ಪಟ್ಟಿ ಖಾಲಿಯೇ ಇತ್ತು.

ಕೆಲಸಕ್ಕೆ ಬಂದದ್ದು ಆಂಫಿ (ಮ್ಯೂಚುವಲ್ ಫಂಡ್ ಕಂಪನಿಗಳ ಸಂಘ) ಸೈಟ್ ನೋಡಿ ಎಂಬ ಸಲಹೆ. ಹಳೆಯ ಎನ್‌ಎವಿ ಅಲ್ಲಿ ಪುಕ್ಕಟೆ ಸಿಗುತ್ತದೆ. ಫೈಲ್‌ನಲ್ಲಿ ಕಾಲಂಗಳ ನಡುವೆ ಅಲ್ಪವಿರಾಮ ಇರುವುದಿಲ್ಲ, ಸೆಮಿಕೋಲನ್ ಇರುತ್ತದೆ. ತಾರೀಖು 01-ಜನ್-2019 ಥರ ಇರುತ್ತದೆ. ಸ್ಪ್ರೆಡ್‌ಶೀಟ್‌ನಲ್ಲಿ ಅದನ್ನು 01-01-2019 ಮಾಡಿ, ನಮಗೆ ಬೇಕಾದ ಫಂಡ್‌ನ ಸಾಲುಗಳನ್ನಷ್ಟೇ ಇಟ್ಟುಕೊಂಡು, ಸಿಎಸ್‌ವಿ (ಸರಳ ಪಠ್ಯದ ಕೋಷ್ಟಕ) ಫೈಲ್‌ನಿಂದ ಗ್ನುಕ್ಯಾಶ್‌ಗೆ ದರ ಇಂಪೋರ್ಟ್ ಮಾಡಿದೆ. ಗ್ರಾಫ್ ಮತ್ತೆ ಮೂಡಿದಾಗ ಆದ ಖುಷಿ ಹೇಳತೀರದು.

ಒಂದು ಎಚ್ಚರ: ಒಂದೇ ಫಂಡ್‌ನ ಡೈರೆಕ್ಟ್ (ನೇರವಾಗಿ ಕೊಂಡದ್ದು) ಮತ್ತು ರೆಗ್ಯುಲರ್ (ಏಜೆಂಟರ ಮೂಲಕ ಕೊಂಡದ್ದು) ಪ್ಲಾನ್‌ಗೆ ಸ್ಕೀಮ್ ಕೋಡ್ ಬೇರೆ, ಎನ್‌ಎವಿಯೂ ಬೇರೆ. ಹೆಸರು ನೋಡಿ ಆರಿಸಬೇಡಿ, ಸ್ಟೇಟ್‌ಮೆಂಟ್‌ನಲ್ಲಿರುವ ಐಎಸ್‌ಐಎನ್ (ಫಂಡ್‌ನ ಗುರುತಿನ ಕೋಡ್) ಹೊಂದಿಸಿ ನೋಡಿ.

ನನಗೆ ಗೊತ್ತೇ ಇರಲಿಲ್ಲ, ನಾವು ಕೊಂಡ ದರ ಆ ಪಟ್ಟಿಯಲ್ಲಲ್ಲ, ಪ್ರತಿ ವ್ಯವಹಾರದ ಒಳಗೇ ಇರುತ್ತದೆ. ಹಾಗಾಗಿ ಪಟ್ಟಿ ಹೋದರೂ ಅಸಲಿನ ಲೆಕ್ಕ ಒಂದು ಪೈಸೆಯೂ ಆಚೀಚೆ ಆಗಿರಲಿಲ್ಲ.