ಮೋಗ್ಲಿಂಗ್ ಅನ್ನೋ ಅಡ್ಡಹೆಸರು ಜರ್ಮನಿಯಲ್ಲಿ ಎಲ್ಲಿಂದ ಬಂತು, ಎಲ್ಲೆಲ್ಲಿ ಹರಡಿದೆ?

ಹಳೇಕಾಗದ:

ಎಲ್ಲರಿಗೂ ನಮಸ್ಕಾರ. 1843ರ ಜುಲೈ 1ಕ್ಕೆ ‘ಮಂಗಳೂರ ಸಮಾಚಾರ’ ಶುರು ಮಾಡಿದ ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್ ನಮಗೆಲ್ಲ ಗೊತ್ತು. ನನ್ನ ಪ್ರಶ್ನೆ ಅವರ ಕೆಲಸದ ಬಗ್ಗೆ ಅಲ್ಲ, ಅಡ್ಡಹೆಸರಿನ ಬಗ್ಗೆ.

ಮ್ಯುಲರ್, ಶ್ಮಿಟ್, ವೇಬರ್ ಅನ್ನೋ ಹೆಸರಿನವರು ಜರ್ಮನಿಯ ಯಾವ ಮೂಲೆಗೆ ಹೋದರೂ ಸಿಗುತ್ತಾರೆ. ಮೋಗ್ಲಿಂಗ್ ಹಾಗಲ್ಲ. ಓದುವಾಗ ಈ ಹೆಸರಿನ ಹಳಬರು ಒಂದಿಷ್ಟು ಜನ ಕಣ್ಣಿಗೆ ಬಿದ್ದರು, ಎಲ್ಲರ ಬೇರೂ ನೈಋತ್ಯ ಜರ್ಮನಿಯ ವುರ್ಟೆಂಬರ್ಗ್‌ನಲ್ಲೇ ಇದೆ. ಟ್ಯೂಬಿಂಗನ್‌ನಲ್ಲಿ ವೈದ್ಯಶಾಸ್ತ್ರ ಕಲಿಸಿದ ಡೇನಿಯಲ್ ಮೋಗ್ಲಿಂಗ್ (1546–1603) ಒಬ್ಬರು. ಅದೇ ಹೆಸರಿನ ಇನ್ನೊಬ್ಬರು (1596–1635) ಹೆಸ್ಸೆ ಸೀಮೆಯ ಬುಟ್ಸ್‌ಬಾಖ್ ಅರಮನೆಯಲ್ಲಿ ಕೆಲಸಕ್ಕಿದ್ದರು. ಆಮೇಲೆ ಥಿಯೋಡೋರ್ ಮೋಗ್ಲಿಂಗ್. ಇವರು ನಮ್ಮ ಹರ್ಮನ್ ಅವರ ಸ್ವಂತ ತಮ್ಮ, 1848ರ ಬಾಡೆನ್ ದಂಗೆಯಲ್ಲಿ ಸೇರಿಕೊಂಡವರು, ಮರುವರ್ಷ ವಾಗ್‌ಹೊಯ್ಸೆಲ್ ಕಾಳಗದಲ್ಲಿ ಗಾಯಗೊಂಡವರು. ಅಣ್ಣ ಪಾದ್ರಿ, ತಮ್ಮ ಕ್ರಾಂತಿಕಾರಿ! ಇಬ್ಬರೂ ಹುಟ್ಟಿದ್ದು ಬ್ರಾಕೆನ್‌ಹೈಮ್ ಅನ್ನೋ ಸಣ್ಣ ಊರಲ್ಲಿ.

ಅಲ್ಲಿಂದ ಸ್ವಲ್ಪ ದೂರದಲ್ಲಿ, ಲುಡ್‌ವಿಗ್ಸ್‌ಬುರ್ಗ್ ಪಕ್ಕ, ಮೋಗ್ಲಿಂಗನ್ ಅಂತ ಒಂದು ಊರೇ ಇದೆ. ಹಾಗಾದರೆ ಹೆಸರು ಆ ಊರಿಂದಲೇ ಬಂದದ್ದಾ? ಮೋಗ್ಲಿಂಗ್ ಅಂತ ಇರೋರೆಲ್ಲ ಒಂದೇ ಮನೆತನದವರಾ? ಅಡ್ಡಹೆಸರು ಎಲ್ಲೆಲ್ಲಿ ಹರಡಿದೆ ಅಂತ ತೋರಿಸೋ ನಕ್ಷೆಗಳು ಜಾಲದಲ್ಲಿ ಸಿಗುತ್ತವಲ್ಲ, ಅಪರೂಪದ ಹೆಸರಿಗೆ ಅವನ್ನು ಎಷ್ಟರಮಟ್ಟಿಗೆ ನಂಬಬಹುದು? ತಿಳಿದವರು ಹೇಳಿ.

ನಕ್ಷೆಗಾರ:

ಕೊನೇ ಪ್ರಶ್ನೆಗೆ ಮೊದಲು ಉತ್ತರ ಕೊಡ್ತೀನಿ, ಎಲ್ಲರೂ ಎಡವೋದು ಅಲ್ಲೇ.

ಆ ನಕ್ಷೆಗಳ ಹಿಂದೆ ಇರೋದು ಜನಗಣತಿ ಅಲ್ಲ, ಟೆಲಿಫೋನ್ ಡೈರೆಕ್ಟರಿ. ಮೈನ್ಸ್ ಅಕಾಡೆಮಿಯವರ ಅಡ್ಡಹೆಸರುಗಳ ಡಿಜಿಟಲ್ ನಿಘಂಟು ಇದೆ, ತುಂಬ ಒಳ್ಳೆಯ ಕೆಲಸ, ಪುಕ್ಕಟೆಯಾಗಿ ಓದಬಹುದು. ಅದಕ್ಕೂ ಆಧಾರ 2005ರ ಲ್ಯಾಂಡ್‌ಲೈನ್ ಪಟ್ಟಿಯೇ, ಸುಮಾರು 2.8 ಕೋಟಿ ಮನೆ ಫೋನುಗಳು. 2005ನೇ ಇಸವಿ ಯಾಕೆ ಅಂದರೆ ಆಗಿನ್ನೂ ಬಹುಪಾಲು ಮನೆಗಳಲ್ಲಿ ಲ್ಯಾಂಡ್‌ಲೈನ್ ಇತ್ತು. ಆಮೇಲೆ ಮೊಬೈಲ್ ಬಂದು ಪಟ್ಟಿ ಸೊರಗುತ್ತಾ ಹೋಯಿತು. ಇನ್ನೂ ಹಿಂದಕ್ಕೆ, ಜರ್ಮನಿ ಒಂದಾಗೋ ಮುಂಚಿನ ಕಾಲಕ್ಕೆ ಹೋದರೆ ಪೂರ್ವ ಜರ್ಮನಿಯಲ್ಲಿ ಮನೆಗೆ ಫೋನ್ ಇದ್ದವರೇ ಕಡಿಮೆ.

ಒಂದು ಫೋನ್ ಅಂದರೆ ಒಬ್ಬ ಮನುಷ್ಯ ಅಲ್ಲ, ಒಂದು ಮನೆ. ಹಾಗಾಗಿ ಸಂಶೋಧಕರು ಫೋನುಗಳ ಸಂಖ್ಯೆಯನ್ನು ಮೂರರ ಹತ್ತಿರದ ಒಂದು ಅಂಕಿಯಿಂದ ಗುಣಿಸಿ ಜನಸಂಖ್ಯೆಯ ಅಂದಾಜು ಮಾಡುತ್ತಾರೆ. ಮ್ಯುಲರ್‌ಗೆ ಈ ಲೆಕ್ಕ ಸರಿಹೋಗುತ್ತೆ, ಯಾಕಂದರೆ ಲಕ್ಷಗಟ್ಟಲೆ ಇರುವಾಗ ಸಣ್ಣಪುಟ್ಟ ವ್ಯತ್ಯಾಸ ಮುಳುಗಿಹೋಗುತ್ತೆ. ಅಪರೂಪದ ಹೆಸರಿಗೆ ಹಾಗಲ್ಲ. ಹತ್ತಿಪ್ಪತ್ತು ಮನೆ ಇರೋ ಕಡೆ ಇಬ್ಬರು ತಮ್ಮ ನಂಬರ್ ಡೈರೆಕ್ಟರಿಯಲ್ಲಿ ಬೇಡ ಅಂದರೆ ಸಾಕು, ಒಂದಿಡೀ ಜಿಲ್ಲೆ ನಕ್ಷೆಯಿಂದ ಮಾಯ.

ಇನ್ನೊಂದು ವಿಷಯ, ಇದನ್ನು ದಯವಿಟ್ಟು ಗಮನಿಸಿ. ನಕ್ಷೆಗಳಲ್ಲಿ ಎರಡು ಬಗೆ. ಒಂದರಲ್ಲಿ ಬರೀ ಎಣಿಕೆ, ಇನ್ನೊಂದರಲ್ಲಿ ಆ ಜಿಲ್ಲೆಯ ಒಟ್ಟು ಜನರಿಗೆ ಹೋಲಿಸಿ ಎಷ್ಟು ಪಾಲು ಅನ್ನೋ ಲೆಕ್ಕ. ಎಣಿಕೆಯದರಲ್ಲಿ ಬರ್ಲಿನ್, ಹ್ಯಾಂಬರ್ಗ್, ಮ್ಯೂನಿಕ್ ಯಾವ ಹೆಸರಿಗಾದರೂ ದಟ್ಟವಾಗಿ ಕಾಣುತ್ತವೆ, ಕೆಲಸಕ್ಕೆ ಅಂತ ಎಲ್ಲ ಕಡೆಯವರೂ ಅಲ್ಲಿಗೆ ಹೋಗಿರ್ತಾರಲ್ವಾ. ಪಾಲಿನ ನಕ್ಷೆಯಲ್ಲಿ ಇದರ ಉಲ್ಟಾ. ಜನ ಕಡಿಮೆ ಇರೋ ಒಂದು ಜಿಲ್ಲೆಗೆ ಒಂದೇ ಒಂದು ಕುಟುಂಬ ವರ್ಗವಾಗಿ ಹೋಗಿದ್ದರೂ ಆ ಜಿಲ್ಲೆ ಕಡುಬಣ್ಣಕ್ಕೆ ತಿರುಗುತ್ತೆ, ನೋಡಿದವರು ‘ಓ, ಮೂಲ ಇಲ್ಲೇ’ ಅಂದುಬಿಡುತ್ತಾರೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, ಎರಡರಲ್ಲೂ ಎದ್ದು ಕಾಣೋ ಜಾಗವನ್ನು ಮಾತ್ರ ಲೆಕ್ಕಕ್ಕೆ ತಗೊಳ್ಳಿ.

ಇಂಗನ್ ಪ್ರೇಮಿ:

ಊರಿನ ವಿಚಾರಕ್ಕೆ ನಾನು ಬರ್ತೀನಿ. ಸುಲಭವಾಗಿ ‘ಮೋಗ್ಲಿಂಗನ್‌ನಿಂದ ಬಂದದ್ದು’ ಅಂತ ಹೇಳಿಬಿಡಬೇಡಿ.

ಮೊದಲನೆಯದು, ಅಂಥ ಊರು ಒಂದೇ ಅಲ್ಲ. ಲುಡ್‌ವಿಗ್ಸ್‌ಬುರ್ಗ್ ಪಕ್ಕದ್ದು ಒಂದು. ಕೋಖರ್ ನದಿ ದಂಡೆಯಲ್ಲಿ ಇನ್ನೊಂದು ಮೋಗ್ಲಿಂಗನ್ ಇದೆ, ಈಗ ಅದು ಓಹ್ರಿಂಗನ್ ಪಟ್ಟಣಕ್ಕೆ ಸೇರಿದೆ. ಪೂರ್ವಕ್ಕೆ ಆಲೆನ್ ಕಡೆ ಹೋದರೆ ಮಧ್ಯದ ಅಕ್ಷರ ಇಮ್ಮಡಿಯಾಗಿ ಬರೆಯೋ ಮೋಗ್‌ಗ್ಲಿಂಗನ್. ಮೂರೂ ಈಗಿನ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲೇ ಇವೆ.

ಎರಡನೆಯದು ಇನ್ನೂ ಮುಖ್ಯ. ವುರ್ಟೆಂಬರ್ಗ್ ಇರೋ ಸ್ವೇಬಿಯಾ ಸೀಮೆಯಲ್ಲಿ ಊರಿಂದ ಬಂದ ಅಡ್ಡಹೆಸರಿಗೆ ಸಾಮಾನ್ಯವಾಗಿ ಕೊನೆಯಲ್ಲಿ ‘ಅರ್’ ಸೇರುತ್ತೆ. ಎಸ್ಲಿಂಗನ್‌ನಿಂದ ಬಂದವನು ಎಸ್ಲಿಂಗರ್, ರಾಯ್ಟ್ಲಿಂಗನ್‌ನವನು ರಾಯ್ಟ್ಲಿಂಗರ್. ಆ ಪ್ರಕಾರ ಇವರು ಮೋಗ್ಲಿಂಗರ್ ಆಗಬೇಕಿತ್ತು, ಆಗಿಲ್ಲ. ಬಾಲ ಇಲ್ಲದ ‘ಇಂಗ್’ ಹೆಸರುಗಳು ಎಷ್ಟೋ ಸಲ ಒಬ್ಬ ಮನುಷ್ಯನ ಹೆಸರಿನಿಂದ ನೇರವಾಗಿ ಹುಟ್ಟಿರುತ್ತವೆ. ‘ಇಂಗ್’ ಅಂದರೆ ಇಂಥವನ ಕಡೆಯವರು, ಅವನ ಪೈಕಿ, ಅಷ್ಟೇ. ಆ ಸೀಮೆಯ ಊರುಗಳೂ ಹುಟ್ಟಿದ್ದು ಹೀಗೇ. ಅಲಮಾನಿ ಬುಡಕಟ್ಟಿನ ಒಬ್ಬ ಮುಖಂಡ ನೆಲೆ ನಿಂತ, ಅವನ ಜನರಿದ್ದ ಜಾಗಕ್ಕೆ ಅವನ ಹೆಸರಿಗೆ ‘ಇಂಗನ್’ ಸೇರಿಸಿ ಕರೆದರು. ಟ್ಯೂಬಿಂಗನ್, ಬೋಬ್ಲಿಂಗನ್, ಸಿಂಡೆಲ್‌ಫಿಂಗನ್, ನಕ್ಷೆ ತೆಗೆದರೆ ಸಾಲುಸಾಲಾಗಿ ಕಾಣುತ್ತವೆ. ಅಂದರೆ ಊರಿಗೂ ಮನೆತನಕ್ಕೂ ಒಂದೇ ಬಗೆಯ ಬೇರು ಇರಬಹುದು, ಆದರೆ ಒಂದರಿಂದ ಇನ್ನೊಂದು ಬಂದಿರಲೇಬೇಕು ಅಂತಿಲ್ಲ. ಬರೀ ಸದ್ದು ಹೊಂದುತ್ತೆ ಅಂತ ಊರಿಗೂ ವಂಶಕ್ಕೂ ಗಂಟು ಹಾಕೋದು ನನಗಂತೂ ಒಪ್ಪಿಗೆಯಿಲ್ಲ. ಇಂಥ ಊರಿನವನು ಅಂತ ಬರೆದಿರೋ ಹಳೇ ದಾಖಲೆ ಒಂದಾದರೂ ಕೈಯಲ್ಲಿರಬೇಕು.

ಪದಕೋಶ:

ಹುಟ್ಟಿದ ಊರೇ ಹೆಸರಿನ ಮೂಲ ಅಂತ ತಿಳಿಯಬಾರದು ಅನ್ನೋದಕ್ಕೆ ನಮಗೆಲ್ಲ ಪರಿಚಯದ ಇನ್ನೊಂದು ಹೆಸರೇ ಉದಾಹರಣೆ, ಕಿಟೆಲ್.

1894ರಲ್ಲಿ ನಿಘಂಟು ಹೊರತಂದ ಫರ್ಡಿನಾಂಡ್ ಕಿಟೆಲ್ ಹುಟ್ಟಿದ್ದು 1832ರಲ್ಲಿ, ಉತ್ತರ ಸಮುದ್ರದ ದಡದ ಪೂರ್ವ ಫ್ರಿಸಿಯಾದ ರೆಸ್ಟರ್‌ಹಾಫೆ ಅನ್ನೋ ಹಳ್ಳಿಯಲ್ಲಿ. ಆದರೆ ಆ ಸೀಮೆಯಲ್ಲಿ ಹಿಂದೆ ತಲೆಮಾರಿಂದ ತಲೆಮಾರಿಗೆ ನಡೆದುಬರೋ ಅಡ್ಡಹೆಸರು ಇಟ್ಟುಕೊಳ್ಳೋ ರೂಢಿಯೇ ಇರಲಿಲ್ಲ. ಅಪ್ಪನ ಹೆಸರೇ ಮಗನ ಎರಡನೇ ಹೆಸರು. ಯಾನ್‌ನ ಮಗ ಹಾರ್ಮ್ ಆದರೆ ಹಾರ್ಮ್ ಯಾನ್ಸೆನ್, ಹಾರ್ಮ್‌ನ ಮಗನಿಗೆ ಮತ್ತೆ ಬೇರೆ ಹೆಸರು. 1811ರಲ್ಲಿ ನೆಪೋಲಿಯನ್ ಆಡಳಿತ ‘ಒಂದು ಖಾಯಂ ಹೆಸರು ಇಟ್ಟುಕೊಳ್ಳಿ’ ಅಂತ ಹುಕುಂ ಹೊರಡಿಸಿತು. ಜನ ಆಗ ಇದ್ದ ಅಪ್ಪನ ಹೆಸರನ್ನೇ ಖಾಯಂ ಮಾಡಿಕೊಂಡರು, ಅದಕ್ಕೇ ಅಲ್ಲಿ ಇವತ್ತಿಗೂ ಎಲ್ಲಿ ನೋಡಿದರೂ ಯಾನ್ಸೆನ್.

ಕಿಟೆಲ್ ಆ ಜಾತಿಯ ಹೆಸರೇ ಅಲ್ಲ. ಅಂಗಿಯ ಮೇಲೆ ತೊಡೋ ಸಡಿಲ ನಿಲುವಂಗಿಗೆ ಕಿಟೆಲ್ ಅಂತಾರೆ. ಅದನ್ನು ಹೊಲಿಯುತ್ತಿದ್ದವನಿಗೆ, ಇಲ್ಲ ಯಾವಾಗಲೂ ಅದನ್ನೇ ತೊಡುತ್ತಿದ್ದವನಿಗೆ ಬಿದ್ದ ಹೆಸರು. ಇದು ದಟ್ಟವಾಗಿದ್ದದ್ದು ಸ್ಯಾಕ್ಸನಿ, ಸೈಲೀಸಿಯಾ, ಉತ್ತರ ಬೊಹೀಮಿಯಾ ಕಡೆ, ಅಂದರೆ ಕರಾವಳಿಯಿಂದ ಬಹಳ ದೂರ. ಫರ್ಡಿನಾಂಡ್ ಅವರ ತಂದೆ ಪಾದ್ರಿ. ಪಾದ್ರಿಗಳು ನೇಮಕವಾದ ಕಡೆ ಹೋಗಿ ನೆಲೆಸುವವರು, ಜೊತೆಗೆ ಹೆಸರೂ ಹೋಗುತ್ತೆ.

ಇದಕ್ಕೆ ಇನ್ನೊಂದು ಮಾತು ಸೇರಿಸಬೇಕು. 1945ರ ನಂತರ ಸೈಲೀಸಿಯಾ, ಸುಡೆಟನ್‌ಲ್ಯಾಂಡ್, ಪೂರ್ವ ಪ್ರಷ್ಯಾ ಮುಂತಾದ ಕಡೆಯಿಂದ ಸುಮಾರು 1.2 ಕೋಟಿ ಜರ್ಮನರು ಊರು ಬಿಡಬೇಕಾಯಿತು. ಪೂರ್ವದ ಒಂದೊಂದು ಹಳ್ಳಿಗೆ ಅಂಟಿಕೊಂಡಿದ್ದ ಹೆಸರುಗಳು ಬವೇರಿಯಾಕ್ಕೋ ವೆಸ್ಟ್‌ಫಾಲಿಯಾಕ್ಕೋ ಚದುರಿಹೋದವು. ಹಾಗಾಗಿ ಪೂರ್ವದ ಹೆಸರಿಗೆ 2005ರ ಫೋನ್ ನಕ್ಷೆ ತೋರಿಸೋದು ನಿರಾಶ್ರಿತರಿಗೆ ಜಾಗ ಸಿಕ್ಕ ಊರುಗಳನ್ನು. ವುರ್ಟೆಂಬರ್ಗ್‌ನ ಹೆಸರಿಗೆ ಈ ಪೆಟ್ಟು ಬಿದ್ದಿಲ್ಲ, ಆ ಮಟ್ಟಿಗೆ ನಿಮ್ಮ ಹುಡುಕಾಟ ಸಲೀಸು.

ಹಳೇಕಾಗದ:

ಎಲ್ಲರಿಗೂ ತುಂಬ ಧನ್ಯವಾದ. ನಕ್ಷೆಗಾರ ಸರ್, ಎರಡು ಬಗೆಯ ನಕ್ಷೆ ಇವೆ ಅನ್ನೋದೇ ನನಗೆ ಹೊಸದು. ಹಾಗಾದರೆ ಫೋನ್ ಕಾಲಕ್ಕೂ ಮುಂಚೆ ಹೆಸರು ಎಲ್ಲೆಲ್ಲಿತ್ತು ಅಂತ ನೋಡೋದು ಹೇಗೆ? ಎಲ್ಲರೂ ಒಂದೇ ಮನೆತನದವರಾ ಅನ್ನೋದು ಇನ್ನೂ ಬಾಕಿ ಉಳಿಯಿತು.

ಬ್ಯಾಪ್ಟಿಸಂ ಪುಸ್ತಕ:

ಇದು ನನ್ನ ಇಷ್ಟದ ವಿಷಯ, ಸ್ವಲ್ಪ ಉದ್ದ ಆಗುತ್ತೆ.

ಮೊದಲ ಮಹಾಯುದ್ಧದಲ್ಲಿ ಸತ್ತವರ, ಗಾಯಗೊಂಡವರ, ಕಾಣೆಯಾದವರ ಪಟ್ಟಿಗಳನ್ನು ಜರ್ಮನಿ 1914ರಿಂದ 1919ರವರೆಗೆ ಅಚ್ಚು ಹಾಕಿತ್ತು. ಅಲ್ಲಿನ ಕಂಪ್ಯೂಟರ್ ವಂಶಾವಳಿ ಸಂಘದ ಸ್ವಯಂಸೇವಕರು ಕೂತು ಅಷ್ಟೂ ಹೆಸರುಗಳನ್ನು ಟೈಪ್ ಮಾಡಿ ಜಾಲಕ್ಕೆ ಹಾಕಿದ್ದಾರೆ, ಯಾರು ಬೇಕಾದರೂ ಹುಡುಕಬಹುದು. ಸೈನಿಕನ ಹೆಸರಿನ ಜೊತೆ ಅವನ ಊರೂ ಇರುತ್ತೆ. ಬರೀ ಗಂಡಸರ ಪಟ್ಟಿ, ಅದೂ ನೋವಿನ ಪಟ್ಟಿ. ಆದರೂ 1945ರ ಚದುರಾಟಕ್ಕೆ ಮುಂಚಿನ ಜರ್ಮನಿ ಹೇಗಿತ್ತು ಅಂತ ತೋರಿಸೋದಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಇನ್ನೂ ಹಿಂದಕ್ಕೆ ಹೋಗಲು ವುರ್ಟೆಂಬರ್ಗ್‌ನಂಥ ಸೀಮೆ ಸಿಕ್ಕಿದ್ದು ನಿಮ್ಮ ಪುಣ್ಯ. ಅಲ್ಲಿನ ಪ್ರಾಟೆಸ್ಟಂಟ್ ಚರ್ಚುಗಳಲ್ಲಿ ಬ್ಯಾಪ್ಟಿಸಂ, ಮದುವೆ ಬರೆದಿಡೋ ಪದ್ಧತಿ 1558ರಲ್ಲೇ ಶುರು. 1808ರಿಂದ ಪ್ರತಿ ಚರ್ಚಿನಲ್ಲೂ ಕುಟುಂಬ ರಿಜಿಸ್ಟರ್ ಇದೆ, ಒಂದು ಪುಟ ತೆರೆದರೆ ಗಂಡ, ಹೆಂಡತಿ, ಇಬ್ಬರ ತಂದೆತಾಯಿ, ಮಕ್ಕಳೆಲ್ಲ ಒಟ್ಟಿಗೆ ಸಿಗುತ್ತಾರೆ. ಹರ್ಮನ್ ಹುಟ್ಟಿದ್ದು 1811ರಲ್ಲಿ, ಅಂದರೆ ಆ ರಿಜಿಸ್ಟರ್ ಕಾಲಕ್ಕೇ. ಆರ್ಕಿಯೋನ್ ಅನ್ನೋ ತಾಣದಲ್ಲಿ ದುಡ್ಡು ಕಟ್ಟಿ ಈ ಪುಟಗಳ ಚಿತ್ರ ನೋಡಬಹುದು. ಅಕ್ಷರ ಮಾತ್ರ ಹಳೇ ಕುರೆಂಟ್ ಬರವಣಿಗೆ, ಅದನ್ನು ಓದೋದು ಕಲಿಯದೆ ವಿಧಿಯಿಲ್ಲ.

ಅಲ್ಲಿ ಹುಡುಕುವಾಗ ಒಂದು ಎಚ್ಚರ ಬೇಕು. 18ನೇ ಶತಮಾನದವರೆಗೂ ಹೆಂಗಸರ ಅಡ್ಡಹೆಸರಿಗೆ ‘ಇನ್’ ಸೇರಿಸಿ ಬರೆಯುತ್ತಿದ್ದರು. ಮನೆಯ ಮಗಳು ಮೋಗ್ಲಿಂಗಿನ್ ಅಂತ ಇರುತ್ತಾಳೆ. ಇದು ಗೊತ್ತಿಲ್ಲದವರು ಬೇರೆ ಮನೆತನ ಅಂತ ಪಟ್ಟಿಗೆ ಸೇರಿಸಿಬಿಡುತ್ತಾರೆ. ಕಾಗುಣಿತವೂ ಅಷ್ಟೇ. ‘ಓ’ ಅಕ್ಷರದ ಮೇಲಿನ ಎರಡು ಚುಕ್ಕೆ ಇಂಗ್ಲಿಷಿಗೆ ಬಂದರೆ ಒಂದೋ ಪಕ್ಕದಲ್ಲಿ ‘ಇ’ (e) ಸೇರುತ್ತೆ, ಇಲ್ಲ ಚುಕ್ಕೆ ಸುಮ್ನೆ ಉದುರಿಹೋಗುತ್ತೆ. 1855ರಲ್ಲಿ ಬೆಂಗಳೂರಿನಲ್ಲಿ ಅಚ್ಚಾದ, ಕೊಡಗಿನ ಬಗೆಗಿನ ಹರ್ಮನ್ ಅವರದೇ ಪುಸ್ತಕದಲ್ಲಿ ಅವರ ಹೆಸರು ‘ಓ’ ಪಕ್ಕ ‘ಇ’ ಸೇರಿಸಿಕೊಂಡೇ ಇದೆ. ಅಮೆರಿಕಕ್ಕೆ ಹೋದ ಜರ್ಮನ್ ಹೆಸರುಗಳ ಪಾಡೂ ಇದೇ. ಇಡೀ ಜರ್ಮನಿಯಲ್ಲಿ ಸರ್ಕಾರಿ ಜನನ ನೋಂದಣಿ ಕಡ್ಡಾಯವಾದದ್ದು 1876ರಿಂದ. ಕಾಗುಣಿತ ಗಟ್ಟಿಯಾಗಿ ನಿಂತದ್ದೂ ಆಗಲೇ.

ಈಗ ಒಂದೇ ಮನೆತನವಾ ಅನ್ನೋದು. ನೀವು ಹೇಳಿದ ಪ್ರಾಧ್ಯಾಪಕರು ಮತ್ತೆ ಅರಮನೆಯ ಡೇನಿಯಲ್ ತಾತ ಮೊಮ್ಮಗ. ಟ್ಯೂಬಿಂಗನ್‌ನಲ್ಲಿ ಅದೇ ಕಾಲಕ್ಕೆ ಯೋಹಾನ್ ಲುಡ್‌ವಿಗ್ ಮೋಗ್ಲಿಂಗ್ ಅನ್ನೋ ಮತ್ತೊಬ್ಬ ವೈದ್ಯ ಪ್ರಾಧ್ಯಾಪಕರೂ ಇದ್ದರು. ವುರ್ಟೆಂಬರ್ಗ್‌ನಲ್ಲಿ ‘ಎರ್‌ಬಾರ್‌ಕೈಟ್’ ಅಂತ ಒಂದು ವರ್ಗವೇ ಇತ್ತು. ಪಾದ್ರಿ, ಪ್ರಾಧ್ಯಾಪಕ, ಅಮಲ್ದಾರರಂಥ ಅಧಿಕಾರಿ, ಇಂಥ ಕೆಲಸಗಳೆಲ್ಲ ಈ ಕೆಲವೇ ಮನೆತನಗಳಲ್ಲಿ ಓಡಾಡುತ್ತಿದ್ದವು, ಸಂಬಂಧವೂ ಅವರವರಲ್ಲೇ. ಅಪರೂಪದ ಹೆಸರುಗಳು ಅಲ್ಲಿ ಇಷ್ಟು ಕಾಲ ಬದುಕಿದ್ದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ. ಯಾಕಂದರೆ ಮೂವತ್ತು ವರ್ಷಗಳ ಯುದ್ಧದಲ್ಲಿ, 1634ರ ನೋರ್ಡ್‌ಲಿಂಗನ್ ಕಾಳಗದಲ್ಲಿ ಪ್ರಾಟೆಸ್ಟಂಟರು ಸೋತ ಮೇಲೆ ಸೈನ್ಯ, ಪ್ಲೇಗು, ಹಸಿವು ಮೂರೂ ಸೇರಿ ಆ ಸೀಮೆಯ ಅರ್ಧಕ್ಕಿಂತ ಜಾಸ್ತಿ ಜನ ಇಲ್ಲವಾದರು. ಹಳ್ಳಿಗಳಲ್ಲಿ ಎಷ್ಟು ಹೆಸರುಗಳು ಅಲ್ಲೇ ನಿಂತುಹೋದವೋ.

ನಕ್ಷೆಗಾರ:

ಹೆಸರು ನಿಂತುಹೋಗೋ ವಿಚಾರಕ್ಕೆ ಒಂದು ಸೇರಿಸುತ್ತೇನೆ. ಅಪ್ಪನಿಂದ ಮಗನಿಗೆ ಮಾತ್ರ ದಾಟೋ ಹೆಸರು, ಯಾವ ಯುದ್ಧ ಇಲ್ಲದಿದ್ದರೂ ಗಂಡು ಸಂತಾನ ಇಲ್ಲದ ಒಂದು ತಲೆಮಾರಿಗೆ ಮುಗಿದುಹೋಗಬಹುದು. ಗಾಲ್ಟನ್ ಮತ್ತು ವಾಟ್ಸನ್ 1874ರಲ್ಲಿ ಇದನ್ನೇ ಗಣಿತವಾಗಿ ಬಿಡಿಸಿದರು. ಪಶ್ಚಿಮ ಜರ್ಮನಿಯಲ್ಲಿ 1976ರವರೆಗೆ ಮದುವೆಯಾದರೆ ಗಂಡನ ಹೆಸರೇ ಮನೆಯ ಹೆಸರು, ಆಮೇಲೆ ಹೆಂಡತಿಯದನ್ನೂ ಆರಿಸಿಕೊಳ್ಳೋ ಅವಕಾಶ ಬಂತು. 2025ರ ಮೇ 1ರಿಂದ ಗಂಡ ಹೆಂಡತಿ ಇಬ್ಬರೂ ಸೇರಿ ಜೋಡಿ ಹೆಸರು ಇಟ್ಟುಕೊಳ್ಳಬಹುದು, ಮಕ್ಕಳಿಗೂ ಅದು ಸಲ್ಲುತ್ತೆ. ಜರ್ಮನಿಯಲ್ಲಿ ಸುಮಾರು 8.5 ಲಕ್ಷ ಬಗೆಯ ಅಡ್ಡಹೆಸರುಗಳಿವೆ, ಅದರಲ್ಲಿ ಬಹುಪಾಲು ಬೆರಳೆಣಿಕೆಯ ಮನೆಗಳಲ್ಲಷ್ಟೇ ಉಳಿದವು. ಅಂಥವಕ್ಕೆ ಈ ಕಾನೂನು ನಿಜವಾಗಿ ದೊಡ್ಡದು.

ಹಳೇಕಾಗದ:

ಒಬ್ಬೊಬ್ಬರ ಉತ್ತರವೂ ಬೆಲೆಬಾಳುವಂಥದ್ದು. 1811ರ ಬ್ರಾಕೆನ್‌ಹೈಮ್ ರಿಜಿಸ್ಟರ್‌ನಿಂದ ಹಿಂದಕ್ಕೆ ಒಂದೊಂದೇ ತಲೆಮಾರು ಹೋಗುತ್ತೇನೆ. ಊರಿನ ಕಥೆಯನ್ನು ದಾಖಲೆ ಸಿಗೋವರೆಗೂ ಪಕ್ಕಕ್ಕಿಡುತ್ತೇನೆ.

ಬ್ಯಾಪ್ಟಿಸಂ ಪುಸ್ತಕ:

ಹಾಗೇ ಮಾಡಿ. 1558ಕ್ಕೂ ಹಿಂದೆ ಹೋಗಬೇಕು ಅನ್ನಿಸಿದರೆ ಟ್ಯೂಬಿಂಗನ್ ವಿಶ್ವವಿದ್ಯಾಲಯದ ದಾಖಲಾತಿ ಪಟ್ಟಿ ನೋಡಿ. ವಿಶ್ವವಿದ್ಯಾಲಯ ಶುರುವಾದ 1477ರಿಂದಲೇ ಅದು ಇದೆ, ಅಚ್ಚಾಗಿಯೂ ಸಿಗುತ್ತೆ. ವಿದ್ಯಾರ್ಥಿಯ ಹೆಸರಿನ ಮುಂದೆ ಅವನ ಊರು ಬರೆದಿರುತ್ತಾರೆ, ಇಂಗನ್ ಪ್ರೇಮಿಯವರು ಕೇಳಿದ ದಾಖಲೆ ಇದ್ದರೆ ಅಲ್ಲೇ ಇರಬೇಕು. ಹೆಸರುಗಳು ಲ್ಯಾಟಿನ್ ವೇಷದಲ್ಲಿರುತ್ತವೆ, ಕೊನೆಯಲ್ಲಿ ‘ಉಸ್’ ಇದ್ದರೆ ಗಾಬರಿಯಾಗಬೇಡಿ.