ಬ್ಯಾಟರಿ ಸ್ಪ್ರೇಯರ್ ಸುಲಭವಾಗಿ ಬಿಚ್ಚಬೇಕು, ಡೈ (ಪ್ಲಾಸ್ಟಿಕ್ ಅಚ್ಚು) ಮಾಡಿಸುವ ಮೊದಲು ಏನೇನು ಬದಲಿಸಲಿ?

ಕಾರೂರು ಶೆಡ್, ದಾವಣಗೆರೆ
16 ಲೀಟರ್ ಬೆನ್ನಿನ ಸ್ಪ್ರೇಯರ್. ಟ್ಯಾಂಕ್ ಎಚ್‌ಡಿಪಿಇ, ಬೇಸ್ ಪಿಪಿ (ಎರಡೂ ಪ್ಲಾಸ್ಟಿಕ್ ಬಗೆಗಳು), 12 ವೋಲ್ಟ್ ಲೆಡ್ ಆಸಿಡ್ ಬ್ಯಾಟರಿ. ಈಗ ಬ್ಯಾಟರಿಗೆ ಅಂಟು, ಬೇಸಿಗೆ ಎಂಟು ಸೆಲ್ಫ್ ಟ್ಯಾಪಿಂಗ್ ಸ್ಕ್ರೂ. ಗುಜರಿಯಲ್ಲಿ ಸುತ್ತಿಗೆಯಲ್ಲಿ ಒಡೆಯುತ್ತಾರೆ, ಆಸಿಡ್ ಚೆಲ್ಲಿ ಪ್ಲಾಸ್ಟಿಕ್ಕೂ ಕೆಡುತ್ತದೆ. ಬ್ಯಾಟರಿ ಮೊದಲು, ಬೇಗ ಕೈಗೆ ಬರಬೇಕು. ಏನು ಮಾಡಲಿ?

ಡೈ ಕೆಲಸ
ಅಂಟು ಬಿಟ್ಟುಬಿಡಿ ಸಾರ್. ಬ್ಯಾಟರಿಗೆ ಟ್ರೇ, ಮೇಲೊಂದು ಪಟ್ಟಿ, ಹೊರಗಿನಿಂದ ಪ್ರತ್ಯೇಕ ಬಾಗಿಲು. ಸ್ಕ್ರೂಗಳೆಲ್ಲ ಎಂ4 (4 ಮಿ.ಮೀ.), ಒಂದೇ ಸ್ಟಾರ್ ಡ್ರೈವರ್ ಸಾಕಾಗಬೇಕು. ಸ್ಕ್ರೂ ಕೂರುವ ಹಿತ್ತಾಳೆ ಇನ್ಸರ್ಟ್ ಅನ್ನು ಮೋಲ್ಡಿನಲ್ಲೇ ಹುದುಗಿಸಬೇಡಿ, ಗುಜರಿ ಪ್ಲಾಸ್ಟಿಕ್ ಪುಡಿ ಮಾಡುವ ಗ್ರೈಂಡರ್ ಬ್ಲೇಡ್ ಹಲ್ಲು ಮುರಿಯುತ್ತದೆ. ಪಕ್ಕದಿಂದ ಜಾರಿಸುವ ಚೌಕ ನಟ್ಟಿಗೆ ಗೂಡು ಕೊಡಿ. ಸ್ಕ್ರೂ ತೆಗೆದರೆ ನಟ್ಟೂ ಉದುರುತ್ತದೆ. ಪಿಪಿಗೆ ನೇರ ಕೊರೆದ ಥ್ರೆಡ್ ನಾಲ್ಕಾರು ಸಲ ಬಿಚ್ಚಿದರೆ ಸವೆಯುತ್ತದೆ.

ಸ್ಕ್ರೂ, ನಟ್ಟು ಎರಡೂ ಎಸ್‌ಎಸ್ 304 (ಸ್ಟೇನ್‌ಲೆಸ್ ಸ್ಟೀಲ್) ಇರಲಿ. ಚನ್ನಗಿರಿ ಕಡೆ ಅಡಿಕೆಗೆ, ಹೊಸದುರ್ಗದ ಕಡೆ ದಾಳಿಂಬೆಗೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಅದರಲ್ಲಿನ ಮೈಲುತುತ್ತ ಜಿಂಕ್ ಲೇಪನವನ್ನು ತಿಂದುಹಾಕುತ್ತದೆ. ಸ್ಕ್ರೂ ತಲೆ ಸವೆದ ಮೇಲೆ ಯಾರಾದರೂ ಸುತ್ತಿಗೆಯನ್ನೇ ಎತ್ತುತ್ತಾರೆ.

ಗುಜರಿ ವಿಂಗಡಣೆ, ದುರ್ಗ
ನೀರಿನ ತೊಟ್ಟಿಯಲ್ಲಿ ಪಿಪಿ, ಎಚ್‌ಡಿಪಿಇ ಎರಡೂ ತೇಲುತ್ತವೆ, ಹಾಗಾಗಿ ಬೇರ್ಪಡೋದಿಲ್ಲ. ಡೈನಲ್ಲೇ ತ್ರಿಕೋನದ ಗುರುತು ಕೆತ್ತಿಸಿ: ಟ್ಯಾಂಕಿಗೆ 2, ಬೇಸಿಗೆ 5. ಗ್ಲಾಸ್ ಬೆರೆಸಿದ ಪಿಪಿ ಬೇಡ. 30% ಇದ್ದರೆ ಮುಳುಗಿ ಎಬಿಎಸ್ ಎಂಬ ಬೇರೆ ಪ್ಲಾಸ್ಟಿಕ್ಕಿನ ರಾಶಿಗೆ ಸೇರುತ್ತದೆ. ಕಾಗದದ ಸ್ಟಿಕ್ಕರ್ ಬದಲು ಪಿಇ (ಪಾಲಿಥೀನ್) ಲೇಬಲ್. ಪಿವಿಸಿ ಪೈಪಿಗೆ ಅಂಟು ಬೇಡ, ಕ್ಲಿಪ್ ಹಾಕಿ. ಪಿವಿಸಿ ಸೇರಿದ ಮಾಲು ಕರಗಿಸುವಾಗ ಆಸಿಡ್ ಹೊಗೆ ಬರುತ್ತದೆ.

ಟ್ಯಾಂಕ್ ಮೇಲೆ ಒಂದು ಮಾತು ಅಚ್ಚೊತ್ತಿಸಲೇಬೇಕು: ಮೂರು ಸಲ ತೊಳೆದು ಆ ನೀರನ್ನು ಬೆಳೆಗೇ ಸಿಂಪಡಿಸಿ. ಔಷಧಿ ಹೀರಿದ ಈ ಪ್ಲಾಸ್ಟಿಕ್ಕನ್ನು ಕೊಡ, ಬಿಂದಿಗೆ ಮಾಡುವ ಮಾಲಿಗೆ ಬೆರೆಸಲೇಬಾರದು.

ಕಾರೂರು ಶೆಡ್, ದಾವಣಗೆರೆ
ಅಂಟಿಲ್ಲದೆ ಬ್ಯಾಟರಿ ಬಾಗಿಲು ಸೋರದಂತೆ ಹೇಗೆ? ವೈರ್ ಬೆಸುಗೆ ಇರಲಾ?

ಡೈ ಕೆಲಸ
3 ಮಿ.ಮೀ. ರಬ್ಬರ್ ಕಾರ್ಡಿಗೆ (ದುಂಡನೆಯ ರಬ್ಬರ್ ಹುರಿ) 2.2 ಆಳ, 4 ಅಗಲದ ತೋಡು ಕೊಡಿ. ಕಾಲು ಭಾಗ ಒತ್ತಿದರೆ ಸೀಲ್ ಕೂರುತ್ತದೆ. ಕಾರ್ಡ್ ವೈಟನ್ ರಬ್ಬರಿನದ್ದಾಗಿರಲಿ, ಇಸಿ (ನೀರಿಗೆ ಬೆರೆಸುವ ಎಣ್ಣೆಯಂಥ) ಔಷಧಿಯ ಸಾಲ್ವೆಂಟಿಗೆ ಇಪಿಡಿಎಂ ರಬ್ಬರ್ ಉಬ್ಬಿಬಿಡುತ್ತದೆ. ಆದರೂ ಬ್ಯಾಟರಿ ಗೂಡಿನ ತಳಕ್ಕೊಂದು 5 ಮಿ.ಮೀ. ತೂತು ಬೇಕೇ ಬೇಕು, ಒಳಗೆ ನಿಂತ ನೀರೇ ಟರ್ಮಿನಲ್ ತಿನ್ನುವುದು.

ಬೆಸುಗೆ ಬೇಡ. ಕವರ್ ಇರುವ ಚಪ್ಪಟೆ ಕನೆಕ್ಟರ್ ಹಾಕಿ, ಬ್ಯಾಟರಿ ಟರ್ಮಿನಲ್ 4.8 ಅಥವಾ 6.3 ಮಿ.ಮೀ. ಇರುತ್ತದೆ, ಅಳೆದು ತರಿಸಿ. ವೈರ್ 15 ಸೆಂ.ಮೀ. ಹೆಚ್ಚಿಗೆ ಬಿಡಿ, ಬ್ಯಾಟರಿ ಹೊರಗೆ ಬಂದ ಮೇಲೆ ಕೀಳುವಷ್ಟು. ಫ್ಯೂಸ್ ಪ್ಲಸ್ ವೈರಿನಲ್ಲಿ, ಬ್ಯಾಟರಿ ಪಕ್ಕದಲ್ಲೇ.

ಗುಜರಿ ವಿಂಗಡಣೆ, ದುರ್ಗ
ನಿಮ್ಮ ಬ್ರ್ಯಾಂಡಿನಲ್ಲಿ ಮಾರಿದರೆ ಒಳಗಿನ ಬ್ಯಾಟರಿಗೂ 2022ರ ಬ್ಯಾಟರಿ ತ್ಯಾಜ್ಯ ನಿಯಮ ಅನ್ವಯಿಸುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿ. ಗೀಟು ಎಳೆದ ಕಸದ ಡಬ್ಬಿಯ ಚಿಹ್ನೆ ಬ್ಯಾಟರಿ ಮೇಲಷ್ಟೇ ಅಲ್ಲ, ಬಾಗಿಲ ಮೇಲೂ ಕೆತ್ತಿಸಿ. ಬಿಚ್ಚುವವರಿಗೆ ಬ್ಯಾಟರಿ ಎಲ್ಲಿದೆ ಅಂತ ಅದೇ ತೋರಿಸುತ್ತದೆ.