ಗಂಡಸಿಗೂ 'ಬಂಜೆತನ' ಅಂತಾನೇ ಬರೀಬೇಕಾ? ಜೊತೆಗೆ 'ತಣಿವು' ಪದದ ಬಗ್ಗೆ

ಎಲ್ರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯವಳು ನಾನು, ನಮ್ಮೂರ ಮಹಿಳಾ ಸಂಘದ ಪತ್ರಿಕೆಗೆ ಹಸಿವಿನ ಹಾರ್ಮೋನುಗಳಿಗೂ ಗಂಡಸರಿಗೆ ಮಕ್ಕಳಾಗದೇ ಇರೋದಕ್ಕೂ ಏನು ಸಂಬಂಧ ಅಂತ ಒಂದು ಲೇಖನ ಬರೀತಿದೀನಿ, ಎರಡು ಪದದ ಹತ್ರ ಬಂದು ನಿಂತುಬಿಟ್ಟಿದೀನಿ.

ಮೊದಲ್ನೇದು ಬಂಜೆತನ. ವಂಧ್ಯಾ ಅನ್ನೋದ್ರ ತದ್ಭವ ಬಂಜೆ, ಅದು ಹೆಣ್ಣಿಗೇ ಹೇಳೋ ಮಾತು. 'ಪುರುಷ ಬಂಜೆತನ' ಅಂತ ಎಲ್ಲಾ ಕಡೆ ಅಚ್ಚಾಗ್ತಿದೆ, ಓದಿದಾಗೆಲ್ಲ ಕಿವಿಗೆ ಚುಚ್ಚತ್ತೆ. ಗಬ್ಬ ನಿಲ್ಲದ ಎಮ್ಮೆಗೆ ನಾವು ಗೊಡ್ಡು ಅಂತೀವಿ, ಅಲ್ಲೂ ದೂರು ಹೆಣ್ಣಿನ ಮೇಲೇ. ನಪುಂಸಕತ್ವ ಅಂತ ಬರ್ಯೋರೂ ಇದಾರೆ, ಅದಂತೂ ಪೂರ್ತಿ ತಪ್ಪು, ಯಾಕಂದ್ರೆ ಗಂಡ ಹೆಂಡ್ತಿ ಕೂಡೋದ್ರಲ್ಲಿ ಏನೂ ತೊಂದ್ರೆ ಇಲ್ದೆಯೂ ವೀರ್ಯಾಣು ಕಮ್ಮಿ ಇರಬಹುದು. ನಮ್ಮ ಅತ್ತಿಗೆನ ಮೂರು ವರ್ಷ ಶಿವಮೊಗ್ಗಕ್ಕೆ ಓಡಾಡಿಸಿದ್ರು, ಅಣ್ಣಂಗೂ ಒಂದ್ ಟೆಸ್ಟ್ ಮಾಡ್ಸಿ ಅಂತ ಮನೇಲಿ ಯಾರೂ ಹೇಳ್ಲಿಲ್ಲ, ಪದಾನೇ ಹೆಣ್ಣಿನ ಕಡೆ ಬೆರಳು ತೋರಿಸ್ತಿದ್ರೆ ಹೇಳೋದಾದ್ರೂ ಹೇಗೆ. ಸಂತಾನಹೀನತೆ ಅಂದ್ರೆ ಮಕ್ಳಿಲ್ಲ ಅಂತಷ್ಟೇ ಆಯ್ತು, ದೇಹದ ತೊಂದ್ರೆ ಅನ್ನೋದು ಬರಲ್ಲ. ಸದ್ಯಕ್ಕೆ 'ಗಂಡಸಿನ ಕಡೆಯ ಮಕ್ಕಳಾಗದ ತೊಂದರೆ' ಅಂತ ಬರ್ದಿದೀನಿ, ಉದ್ದ ಆಯ್ತು, ಆದ್ರೆ ಯಾರನ್ನೂ ಹೀಯಾಳಿಸಲ್ಲ.

ಎರಡನೇದು ಲೆಪ್ಟಿನ್ ಅನ್ನೋ ಹಾರ್ಮೋನಿಗೆ ಕನ್ನಡದಲ್ಲಿ ಏನನ್ನೋದು ಅಂತ. ಇದು ಗೊತ್ತಾಗಿದ್ದು 1994ರಲ್ಲಿ, ತೆಳ್ಳಗೆ ಅನ್ನೋ ಗ್ರೀಕ್ ಪದದಿಂದ ಹೆಸರು. 1999ರಲ್ಲಿ ಜಪಾನಿನವರು ಕಂಡುಹಿಡಿದ ಗ್ರೆಲಿನ್ ಹೆಚ್ಚಾಗಿ ಜಠರದಿಂದ ಬಂದು ಹಸಿವು ಎಬ್ಬಿಸತ್ತೆ, ಅದಕ್ಕೆ ಹಸಿವಿನ ಹಾರ್ಮೋನ್ ಅಂದ್ರೆ ಮುಗೀತು. ಲೆಪ್ಟಿನ್ ಬರೋದು ಕೊಬ್ಬಿನಿಂದ, ಕಣಜದಲ್ಲಿ ದಾಸ್ತಾನಿದೆ ಅಂತ ಮೆದುಳಿಗೆ ಹೇಳತ್ತೆ, ಆ ಸುದ್ದಿ ಮುಟ್ಟಿದ್ರೇನೇ ಮೆದುಳು ತನ್ನ ಬುಡದಲ್ಲಿರೋ ಪಿಟ್ಯುಟರಿ ಗ್ರಂಥಿಗೆ, ಪಿಟ್ಯುಟರಿ ವೃಷಣಕ್ಕೆ ಕೆಲಸ ಹಚ್ಚೋದು. ಹುಟ್ಟಿನಿಂದ ಲೆಪ್ಟಿನ್ ಇಲ್ಲದ ಇಲಿಗಳಿಗೆ ಮರಿ ಆಗಲ್ಲ, ಕೊಟ್ರೆ ಆಗತ್ತೆ. ಹಾಗಂತ ಜಾಸ್ತಿ ಆದ್ರೆ ಒಳ್ಳೇದಾ ಅಂದ್ರೆ ಅದೂ ಅಲ್ಲ, ಬೊಜ್ಜು ಬಂದವ್ರಲ್ಲಿ ಲೆಪ್ಟಿನ್ ತುಂಬಾ ಇರತ್ತೆ ಆದ್ರೆ ಮೆದುಳು ಅದರ ಮಾತು ಕೇಳೋದು ಬಿಟ್ಟಿರತ್ತೆ, ಮೇಲಿಂದ ವೃಷಣದಲ್ಲಿ ಟೆಸ್ಟೋಸ್ಟಿರಾನ್ ಅನ್ನೋ ಗಂಡು ಹಾರ್ಮೋನ್ ತಯಾರಾಗೋದನ್ನೂ ಆ ಜಾಸ್ತಿ ಲೆಪ್ಟಿನ್ ತಗ್ಗಿಸಬಹುದು. ಇದನ್ನ 'ಹಸಿವು ಅಡಗಿಸುವ ಹಾರ್ಮೋನ್' ಅಂತ ಬರೆದ್ರೆ ದಪ್ಪ ಇರೋರಿಗೆ ಹಸಿವೇ ಆಗಲ್ವೇನೋ ಅಂತ ಓದೋರು ತಿಳ್ಕೊಳ್ತಾರೆ.

ಅದಕ್ಕೇ ಹೊಟ್ಟೆ ತುಂಬಿದ ತೃಪ್ತಿ ಅನ್ನೋ ಅರ್ಥದಲ್ಲಿ 'ತಣಿವಿನ ಹಾರ್ಮೋನ್' ಅಂತ ಮನಸ್ಸಲ್ಲಿದೆ. ಆದ್ರೆ ನಮ್ಮಮ್ಮಂಗೆ ಓದಿ ಹೇಳಿದ್ರೆ ತಣಿಯೋದು ಅಂದ್ರೆ ಬಿಸಿ ಆರೋದಲ್ವಾ ಅಂದ್ಲು, ಆಮೇಲೆ ಅವಳೇ ನೆನಪು ಮಾಡಿದ್ಲು, ಉಂಡವ್ರು ಬಡಿಸಿದವ್ಳಿಗೆ 'ನಿನ್ನ ಹೊಟ್ಟೆ ತಣ್ಣಗಿರ್ಲಿ' ಅಂತಾರಲ್ಲ ಅಂತ. ಆ ಹರಕೇಲಿ ಹೊಟ್ಟೆ ಅಂದ್ರೆ ಊಟಾನೂ ಹೌದು ಮಕ್ಳೂ ಹೌದು ಅಂತ ನಾನು ಅರ್ಥ ಮಾಡ್ಕೊಂಡಿದೀನಿ. ಸಾಗರ, ಹೊಸನಗರ, ಕೊಪ್ಪದ ಕಡೆಯವ್ರು ಹೇಳಿ, ಹೊಟ್ಟೆ ತುಂಬಿ ಸಾಕಾಯ್ತು ಅನ್ನೋ ಅರ್ಥದಲ್ಲಿ ತಣಿವು ನಿಮ್ಮನೆ ಮಾತಲ್ಲಿ ಈಗ್ಲೂ ಇದ್ಯಾ?